ಸಿನಿಮಾ ಪ್ರಶ್ನೋತ್ತರ: ಕ್ಯಾಮೆರಾ ಎಲ್ಲಿಡಬೇಕು ಎಂಬುದಕ್ಕೂ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಿರ್ದೇಶನ ಕಲಿಯಬೇಕೆನ್ನುವವರದು. ಯಾವ ಕ್ಯಾಮೆರಾ ಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇವೆ. ಅದಕ್ಕೆ ಅಂಗಡಿಯವರು ನಮಗಿಂತ ಚೆನ್ನಾಗಿ ಉತ್ತರಿಸುತ್ತಾರೆ.

ನಿರ್ದೇಶಕನಾಗಬೇಕೆಂಬ ಆಸೆ. ಕೈಯಲ್ಲಿರುವುದು ಫೋನ್ ಮಾತ್ರ. ದಿನಕ್ಕೊಂದು ಸಿನಿಮಾ ನೋಡುತ್ತೇನೆ. ಅಭ್ಯಾಸ ಎಲ್ಲಿಂದ ಶುರು ಮಾಡಲಿ?
— ಪದವಿ ವಿದ್ಯಾರ್ಥಿ, ದಾವಣಗೆರೆ

ದಿನಕ್ಕೊಂದು ಸಿನಿಮಾ ನೋಡುವುದಕ್ಕಿಂತ ವಾರಕ್ಕೊಂದು ದೃಶ್ಯ ಬಿಚ್ಚಿ ನೋಡುವುದು ಮೇಲು. ಇಬ್ಬರೋ ಮೂವರೋ ಇರುವ, ಮೂರು ನಿಮಿಷದ ಒಂದು ದೃಶ್ಯ ಆರಿಸಿ. ಮೊದಲು ಸದ್ದು ಪೂರ್ತಿ ತೆಗೆದು ನೋಡಿ. ಮಾತು ಕೇಳಿಸದಿದ್ದರೂ ಯಾರ ಕೈ ಮೇಲಾಯಿತು ಎಂದು ತಿಳಿಯುತ್ತದೆಯೇ? ಎರಡನೇ ಸಲ ಪ್ರತಿ ಕಟ್‌ಗೂ ನಿಲ್ಲಿಸಿ ಬರೆದುಕೊಳ್ಳಿ: ಲಾಂಗೋ, ಮಿಡ್ಡೋ, ಕ್ಲೋಸೋ (ದೂರದ್ದೋ, ಸೊಂಟದವರೆಗಿನದೋ, ಬರೀ ಮುಖದ್ದೋ), ಯಾರ ಮೇಲೆ, ಎಷ್ಟು ಸೆಕೆಂಡು, ಯಾವ ಮಾತಿಗೆ ಕಟ್ ಆಯಿತು. ಮೂರನೇ ಸಲ ಒಂದು ಹಾಳೆಯ ಮೇಲೆ ಆ ಕೋಣೆಯ ನಕ್ಷೆ ಹಾಕಿ, ಕ್ಯಾಮೆರಾ ಇಟ್ಟಿರಬಹುದಾದ ಜಾಗಗಳನ್ನೆಲ್ಲ ಗುರುತಿಸಿ. ನಲವತ್ತು ಕಟ್ ಇರುವ ದೃಶ್ಯಕ್ಕೂ ಕ್ಯಾಮೆರಾ ಇಟ್ಟ ಜಾಗ ಬರೀ ಆರೇಳು ಎಂಬುದು ಆಗ ಗೊತ್ತಾಗುತ್ತದೆ.

ಆಮೇಲೆ ಫೋನ್ ಎತ್ತಿಕೊಳ್ಳಿ. ಒಬ್ಬರು ಏನನ್ನೋ ಹುಡುಕುತ್ತಿದ್ದಾರೆ. ಸಿಗುತ್ತದೆ, ಆದರೆ ಹುಡುಕಿದ್ದು ಅದಲ್ಲ. ಮಾತಿಲ್ಲ, ಒಂದು ನಿಮಿಷ, ಎಂಟರಿಂದ ಹತ್ತು ಶಾಟ್. ಇದೇ ಕಥೆಯನ್ನು ಮರುದಿನ ಒಂದೇ ಶಾಟ್‌ನಲ್ಲಿ ತೆಗೆಯಿರಿ. ಮೊದಲನೆಯದರಲ್ಲಿ ಕಟ್ ಮಾಡುತ್ತಿದ್ದ ಕೆಲಸವನ್ನು ಎರಡನೆಯದರಲ್ಲಿ ನಟನ ನಡಿಗೆಯೇ ಮಾಡಬೇಕಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬ್ಲಾಕಿಂಗ್, ಅಂದರೆ ನಟರ ನಿಲುವು-ನಡೆ ಹೊಂದಿಸುವುದು, ಏನೆಂದು ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ.

ಫೋನ್‌ನಲ್ಲಿ ಮ್ಯಾನ್ಯುಯಲ್ ಕಂಟ್ರೋಲ್ ಇರುವ ಆ್ಯಪ್ ಬಳಸಿ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/60ರಲ್ಲಿದ್ದರೆ ಗೋಡೆಯ ಮೇಲೆ ಪಟ್ಟೆಗಳು ಓಡುತ್ತವೆ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಅಂಗಿಯವನು ಫ್ರೇಮಿನೊಳಗೆ ಬಂದ ಕೂಡಲೇ ಉಳಿದವರ ಮುಖ ಕಪ್ಪಾಗುತ್ತದೆ. ಜೂಮ್ ಮುಟ್ಟಬೇಡಿ, ಹತ್ತಿರ ಹೋಗಿ.

ನಮ್ಮ ಕಿರುಚಿತ್ರದ ಮುಖ್ಯ ದೃಶ್ಯ ಒಂದೂವರೆ ಪುಟದ್ದು. ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾನೆ. ಬೆಂಗಳೂರಿನಿಂದ ಬಂದ ಮಗ ತೋಟ ಮಾರುವ ಪತ್ರಕ್ಕೆ ಸಹಿ ಕೇಳುತ್ತಾನೆ. ನಡುವೆ ಅಮ್ಮ ಬಾಗಿಲಿಗೆ ಬಂದು ‘ಊಟಕ್ಕೆ ಇರ್ತ್ಯ?’ ಎನ್ನುತ್ತಾಳೆ. ಒಮ್ಮೆ ಶೂಟ್ ಮಾಡಿದೆವು. ಎಡಿಟ್‌ನಲ್ಲಿ ಕೂಡುತ್ತಲೇ ಇಲ್ಲ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಮಾತಾಡಿದ ಹಾಗಿದೆ. ಶಾಟ್ ಡಿವೈಡ್ ಮಾಡುವ ಕ್ರಮ ತಿಳಿಸಿ.
— ಮೂವರು ಗೆಳೆಯರು, ಶಿರಸಿ

‘ಒಂದೇ ದಿಕ್ಕಿಗೆ ನೋಡುವುದು’ ಲೈನ್ ಕ್ರಾಸ್ ಆದುದರ ಲಕ್ಷಣ, ಅದಕ್ಕೆ ಆಮೇಲೆ ಬರೋಣ. ಅದಕ್ಕೂ ಹಿಂದಿನ ತಪ್ಪು ಬೇರೆ ಇರಬಹುದು: ಈ ದೃಶ್ಯ ಯಾರದ್ದು ಎಂದು ತೀರ್ಮಾನಿಸದೆ ಕ್ಯಾಮೆರಾ ಇಟ್ಟಿದ್ದೀರಿ ಎನಿಸುತ್ತದೆ. ಸಹಿ ಕೇಳುವವನ ಕಷ್ಟ ನಿಮಗೆ ಮುಖ್ಯವೋ, ಕೇಳಿಸಿಕೊಳ್ಳುವವನದ್ದೋ? ಮಗನ ದೃಶ್ಯವಾದರೆ ಅಪ್ಪನ ಮುಖವನ್ನು ಆದಷ್ಟು ತಡವಾಗಿ ತೋರಿಸಬೇಕು, ಮಗನಿಗೆ ಕಾಣುವಷ್ಟೇ ನಮಗೂ ಕಾಣಬೇಕು. ಅಪ್ಪನದಾದರೆ ಮಗ ಮಾತಾಡುವಾಗಲೂ ಶಾಟ್ ಅಪ್ಪನ ಮೇಲೆ ನಿಲ್ಲಬೇಕು. ಮಾತಾಡುವವರ ಮುಖಕ್ಕೇ ಪ್ರತಿಸಲ ಕಟ್ ಮಾಡಿದರೆ ಪಿಂಗ್‌ಪಾಂಗ್ ಆಟ ನೋಡಿದ ಹಾಗಾಗುತ್ತದೆ. ಇಲ್ಲಿ ಅಪ್ಪನದು ಎಂದೇ ಇಟ್ಟುಕೊಳ್ಳೋಣ.

ಈಗ ದೃಶ್ಯವನ್ನು ತಿರುವುಗಳಾಗಿ ಒಡೆಯಿರಿ. ಮಗ ಅಡಿಕೆ ರೇಟಿನ ಮಾತೆತ್ತುತ್ತಾನೆ, ಸುತ್ತಿಬಳಸಿ. ಪತ್ರ ತೆಗೆಯುತ್ತಾನೆ. ‘ಸಹಿ’ ಎಂಬ ಮಾತು ಬೀಳುತ್ತದೆ. ಅಮ್ಮ ಬರುತ್ತಾಳೆ. ಅಪ್ಪ ಮತ್ತೆ ಸುಲಿಯಲು ತೊಡಗುತ್ತಾನೆ. ಐದು ತಿರುವು. ಇದರಲ್ಲಿ ದೃಶ್ಯದ ಬೆನ್ನುಮೂಳೆ ಯಾವುದು? ಅಪ್ಪನ ಕೈ ನಿಲ್ಲುವ ಕ್ಷಣ. ಅಲ್ಲಿಯವರೆಗೆ ಅಡಿಕೆ ಸುಲಿಯುವ ಸದ್ದು ಬಿಡದೆ ಕೇಳುತ್ತಿದ್ದು, ಆಗ ನಿಲ್ಲಬೇಕು. ಅಪ್ಪನ ಕ್ಲೋಸಪ್ ಅದಕ್ಕೂ ಮುಂಚೆ ಒಂದೂ ಬೇಡ. ಮೊದಲೇ ಖರ್ಚು ಮಾಡಿಬಿಟ್ಟರೆ ಬೇಕಾದಾಗ ಅದಕ್ಕೆ ಬೆಲೆ ಇರುವುದಿಲ್ಲ.

ಕ್ಯಾಮೆರಾ ಇಲ್ಲದೆ ನಟರನ್ನು ನಿಲ್ಲಿಸಿ ನೋಡಿ. ಜಗಲಿ ಅಂಗಳಕ್ಕಿಂತ ಎರಡು ಮೆಟ್ಟಿಲು ಎತ್ತರವಿದ್ದರೆ, ಮಗ ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು ಮಾತು ಶುರು ಮಾಡಲಿ. ಕೂತ ಅಪ್ಪನಿಗೂ ನಿಂತ ಮಗನಿಗೂ ಕಣ್ಣಿನ ಎತ್ತರದಲ್ಲಿ ಅಂತರ ಕಡಿಮೆ. ಪತ್ರ ಕೊಡಲು ಅವನು ಚಪ್ಪಲಿ ಬಿಟ್ಟು ಮೇಲೆ ಹತ್ತಿದಾಗ ಅಪ್ಪನ ತಲೆಯ ಮೇಲೆ ನಿಂತ ಹಾಗಾಗುತ್ತದೆ. ಅಮ್ಮ ಬಂದಾಗ ಕೂರುತ್ತಾನೆ. ಮೂರು ಎತ್ತರ, ಮೂರು ಸಂಬಂಧ. ಡೈಲಾಗ್‌ನಲ್ಲಿ ನಾಲ್ಕು ಸಾಲು ಇದರಿಂದಲೇ ಕಡಿಮೆಯಾಗುತ್ತದೆ.

ಇನ್ನು ಲೈನ್. ಅಪ್ಪನ ಕಣ್ಣಿನಿಂದ ಮಗನ ಕಣ್ಣಿಗೆ ಒಂದು ದಾರ ಕಟ್ಟಿದೆ ಎಂದುಕೊಳ್ಳಿ. ಮನೆಗೆ ಮುಖ ಮಾಡಿ ನಿಂತರೆ ನಿಮ್ಮ ಎಡಕ್ಕೆ ಬೀಳುವ ಅಂಗಳದ ಮೂಲೆಯಲ್ಲಿ ಮಾಸ್ಟರ್ (ಇಡೀ ದೃಶ್ಯವನ್ನು ಒಂದೇ ಜಾಗದಿಂದ ಹಿಡಿಯುವ ಶಾಟ್) ಇಟ್ಟಿರಿ ಅನ್ನಿ. ಆಗ ಅಪ್ಪ ಫ್ರೇಮಿನ ಎಡಗಡೆ, ಅವನದು ರೈಟ್ ಲುಕ್. ಮಗ ಬಲಗಡೆ, ಅವನದು ಲೆಫ್ಟ್ ಲುಕ್. ಸಜೆಷನ್ನು (ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಶಾಟ್), ಕ್ಲೋಸು ಎಲ್ಲವೂ ದಾರದ ಈ ಬದಿಯಲ್ಲೇ ಇರಬೇಕು. ದಾರ ದಾಟಿ ಆಚೆಯಿಂದ ಮಗನ ಕ್ಲೋಸ್ ತೆಗೆದಿರಿ, ಅವನೂ ಬಲಕ್ಕೆ ನೋಡುತ್ತಾನೆ, ಮುಗಿಯಿತು. ನಿಮಗಾಗಿರುವುದು ಬಹುಶಃ ಅಮ್ಮನ ಶಾಟ್‌ನಿಂದ. ಬಾಗಿಲು ದಾರದ ಆಚೆ ಬದಿಯಲ್ಲಿದ್ದು, ಮನೆಯೊಳಗಿನಿಂದ ಹೊರಗೆ ನೋಡುವ ಶಾಟ್ ಇಟ್ಟರೆ ಅಪ್ಪ-ಮಗ ಅದಲುಬದಲಾಗುತ್ತಾರೆ. ದಾಟಲೇಬೇಕಿದ್ದರೆ ದಾರಿಗಳಿವೆ: ಶಾಟ್ ನಡೆಯುತ್ತಿರುವಾಗಲೇ ಪಾತ್ರ ಎದ್ದು ಜಾಗ ಬದಲಿಸಲಿ, ಇಲ್ಲವೇ ಕ್ಯಾಮೆರಾ ನೋಡನೋಡುತ್ತಲೇ ಆಚೆಗೆ ಸರಿಯಲಿ, ಇಲ್ಲವೇ ನಡುವೆ ಕೈಯ ಇನ್ಸರ್ಟ್, ಅಂದರೆ ಕೈಯನ್ನಷ್ಟೇ ತೋರಿಸುವ ಶಾಟ್ ಹಾಕಿ. ಈಗಾಗಲೇ ತೆಗೆದಿರುವ ಫೂಟೇಜಿಗೆ ಮೂರನೆಯದೊಂದೇ ಮದ್ದು. ಅರ್ಧ ಗಂಟೆ ಹೋಗಿ ಅಡಿಕೆಯ ಮೇಲಿನ ಕೈ, ಪತ್ರ ಹಿಡಿದ ಕೈ, ಬಿಟ್ಟ ಚಪ್ಪಲಿ ತೆಗೆದುಕೊಂಡು ಬನ್ನಿ. ಫ್ರೇಮ್ ತಿರುಗಿಸಿ ಕೂಡಿಸುವವರಿದ್ದಾರೆ, ಆದರೆ ಅಂಗಿಯ ಜೇಬು ಬಲಕ್ಕೆ ಹೋಗುತ್ತದೆ, ಬಲಗೈಯವನು ಎಡಚನಾಗುತ್ತಾನೆ.

ಮತ್ತೆ ಶೂಟ್ ಮಾಡುವುದಾದರೆ ಏಳು ಶಾಟ್ ಸಾಕು. ಇಡೀ ದೃಶ್ಯದ ಮಾಸ್ಟರ್, ಮಗನ ಹೆಗಲ ಮೇಲಿಂದ ಅಪ್ಪನ ಮಿಡ್, ಅಪ್ಪನ ಹೆಗಲ ಮೇಲಿಂದ ಮಗನ ಮಿಡ್, ‘ಸಹಿ’ಯಿಂದ ಮುಂದಕ್ಕೆ ಅಪ್ಪನ ಕ್ಲೋಸ್, ಆ ಮಾತಿನಿಂದಲೇ ಮುಂದಕ್ಕೆ ಮಗನ ಕ್ಲೋಸ್, ಬಾಗಿಲಲ್ಲಿ ಅಮ್ಮ, ಕೈಗಳ ಇನ್ಸರ್ಟ್. ಕಥೆಯ ಕ್ರಮದಲ್ಲಿ ತೆಗೆಯಬೇಡಿ. ಮಾಸ್ಟರ್ ಆದಮೇಲೆ ಮನೆಯ ಕಡೆ ನೋಡುವ ಶಾಟ್‌ಗಳನ್ನೆಲ್ಲ ಮುಗಿಸಿ, ಆಮೇಲೆ ಒಂದೇ ಸಲ ಅಂಗಳದ ಕಡೆ ತಿರುಗಿ. ಇಲ್ಲದಿದ್ದರೆ ಬೆಳಕು ಚಿಮ್ಮಿಸುವ ಥರ್ಮಾಕೋಲ್ ಹೊತ್ತವರು ಬೆಳಗಿನಿಂದ ಸಂಜೆವರೆಗೆ ಅತ್ತಿಂದಿತ್ತ ಓಡಾಡುತ್ತಿರುತ್ತಾರೆ, ಅಷ್ಟರಲ್ಲಿ ಜಗಲಿಯ ನೆರಳು ಮೊಳದಷ್ಟು ಸರಿದಿರುತ್ತದೆ.

ಕಂಟಿನ್ಯುಟಿಯ (ಒಂದು ಶಾಟ್‌ನಲ್ಲಿದ್ದದ್ದು ಇನ್ನೊಂದಕ್ಕೆ ಹೊಂದುವುದರ) ಶತ್ರು ಇಲ್ಲಿ ಅಡಿಕೆಯೇ. ಪ್ರತಿ ಟೇಕ್‌ಗೂ ಸುಲಿದ ರಾಶಿ ಬೆಳೆಯುತ್ತದೆ, ಸಿಪ್ಪೆಯೂ ಬೆಳೆಯುತ್ತದೆ. ಐದು ತಿರುವಿಗೂ ರಾಶಿ ಎಷ್ಟಿತ್ತೆಂದು ಮಾಸ್ಟರ್ ತೆಗೆಯುವಾಗಲೇ ಫೋಟೋ ಹೊಡೆದಿಟ್ಟುಕೊಳ್ಳಿ. ಸುಲಿದದ್ದನ್ನು ಎರಡು ಬುಟ್ಟಿಯಲ್ಲಿ ಪಕ್ಕಕ್ಕಿಟ್ಟರೆ ಬೇಕಾದಷ್ಟು ಸುರಿದು ಹೊಂದಿಸಬಹುದು. ಅಪ್ಪನ ಕೈ ಯಾವ ಅಕ್ಷರಕ್ಕೆ ನಿಲ್ಲುತ್ತದೆ ಎಂದು ಒಬ್ಬರು ಸ್ಕ್ರಿಪ್ಟ್‌ನಲ್ಲೇ ಗುರುತು ಹಾಕಿಕೊಳ್ಳಬೇಕು. ಮಾಸ್ಟರ್‌ನಲ್ಲಿ ‘ಸ’ಗೆ ನಿಂತ ಕೈ ಕ್ಲೋಸ್‌ನಲ್ಲಿ ‘ಹಿ’ಗೆ ನಿಂತರೆ ಎಡಿಟರ್ ಬೈಯುತ್ತಾನೆ.

ಇನ್ನೆರಡು ಮಾತು. ಒಬ್ಬರ ಮೇಲಿನ ಒಂದು ಶಾಟ್‌ನಿಂದ ಅವರ ಮೇಲಿನ ಇನ್ನೊಂದಕ್ಕೆ ಕಟ್ ಮಾಡುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿದಿರಬೇಕು, ಗಾತ್ರವೂ ಬದಲಾಗಿರಬೇಕು. ಇಲ್ಲದಿದ್ದರೆ ಚಿತ್ರ ಎಗರಿದಂತೆ ಕಾಣುತ್ತದೆ. ಮತ್ತೆ, ಮಾತು ಮುಗಿದ ತಕ್ಷಣ ಕಟ್ ಅನ್ನಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ಒಳ್ಳೆಯ ನೋಟಗಳು ಬಹಳ ಸಲ ಆ ಐದು ಸೆಕೆಂಡಿನಲ್ಲೇ ಸಿಗುವುದು.

ನಮ್ಮ ನಟರೆಲ್ಲ ಹವ್ಯಾಸಿ ರಂಗಭೂಮಿಯವರು. ಕ್ಯಾಮೆರಾ ಮುಂದೆ ಅತಿಯಾಗುತ್ತದೆ. ಕಡಿಮೆ ಮಾಡಿ ಎಂದರೆ ಸಪ್ಪೆಯಾಗುತ್ತಾರೆ.
— ಶಾಲಾ ಶಿಕ್ಷಕಿ, ಧಾರವಾಡ

‘ಕಡಿಮೆ ಮಾಡಿ’ ಎಂಬುದು ಅಳತೆಯ ಮಾತು, ನಟನಿಗೆ ಬೇಕಾದದ್ದು ಕೆಲಸ. ರಂಗದ ಮೇಲೆ ಕೊನೆಯ ಸಾಲಿನವರಿಗೂ ಮುಟ್ಟಿಸಿ ಅಭ್ಯಾಸವಾದವರು ಅವರು. ಮುಟ್ಟಿಸಬೇಕಾದ ದೂರ ಈಗ ನಾಲ್ಕಡಿ ಎಂದು ಮೈಗೆ ಗೊತ್ತಾಗಬೇಕು. ಎದುರು ಬದುರು ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂದು ಹೇಳಿ ಡೈಲಾಗ್ ಹೇಳಿಸಿ ನೋಡಿ. ದನಿಯ ಜೊತೆ ಹುಬ್ಬೂ ಕೈಯೂ ತಾವಾಗಿ ಇಳಿಯುತ್ತವೆ.

‘ದುಃಖದಿಂದ ಹೇಳಿ’ ಎನ್ನಬೇಡಿ. ದುಃಖವನ್ನು ಯಾರೂ ಮಾಡಲಾರರು, ಮಾಡಿ ತೋರಿಸುತ್ತಾರೆ ಅಷ್ಟೆ. ‘ಅವಳು ಹೊರಡದ ಹಾಗೆ ತಡೆಯಿರಿ’, ‘ಅವನು ನಿಮ್ಮ ಕೈ ನಡುಕ ನೋಡಬಾರದು’ ಎನ್ನಿ. ಇವು ಮಾಡಬಹುದಾದವು. ಸಾಲನ್ನು ನೀವೇ ಹೇಳಿ ತೋರಿಸಿದರೆ ಅವರು ನಿಮ್ಮ ರಾಗ ಅನುಕರಿಸುತ್ತಾರೆ, ಆಮೇಲೆ ಆ ರಾಗ ಬಿಡಿಸುವುದಕ್ಕೆ ಹತ್ತು ಟೇಕ್ ಬೇಕು. ಒಂದು ಟೇಕ್‌ಗೆ ಒಂದೇ ತಿದ್ದುಪಡಿ. ಅದನ್ನೂ ಮೈಕಿನಲ್ಲಿ ಕೂಗಿ ಅಲ್ಲ, ಹತ್ತಿರ ಹೋಗಿ, ಅವರಿಗೊಬ್ಬರಿಗೇ ಕೇಳುವ ಹಾಗೆ.

ಅಳುವ ದೃಶ್ಯವಿದ್ದರೆ ಕ್ಲೋಸ್ ಮೊದಲು ತೆಗೆಯಿರಿ. ಮಾಸ್ಟರ್‌ನಲ್ಲಿ ಆರು ಸಲ ಅತ್ತು ಮುಗಿಸಿದವರ ಕಣ್ಣಲ್ಲಿ ಕ್ಲೋಸ್‌ಗೆ ಏನೂ ಉಳಿದಿರುವುದಿಲ್ಲ. ಕೊನೆಗೊಂದು ಹಳೆಯ ಪಾಠ: ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ ಇವುಗಳ ಪಕ್ಕದಲ್ಲಿ ಕೂಡಿಸಿ ತೋರಿಸಿದಾಗ ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನು, ಒಮ್ಮೆ ಶೋಕವನ್ನು ಕಂಡರಂತೆ. ಮುಖ ತಾನೇ ಎಲ್ಲವನ್ನೂ ಹೇಳಬೇಕಾಗಿಲ್ಲ. ಮುಂದಿನ ಶಾಟ್ ಅರ್ಧ ಭಾರ ಹೊರುತ್ತದೆ ಎಂದು ನಿಮ್ಮ ನಟರಿಗೆ ತಿಳಿಸಿ, ಅವರಿಗೂ ಹಗುರಾಗುತ್ತದೆ.

ಮನೆಯೊಳಗೆ ತೆಗೆದ ಮಾತುಗಳೆಲ್ಲ ಬಾವಿಯೊಳಗಿಂದ ಬಂದಂತಿವೆ. ಡಬ್ಬಿಂಗ್‌ಗೆ ದುಡ್ಡಿಲ್ಲ.
— ಓದುಗರು, ಮೈಸೂರು

ಟೈಲ್ಸ್ ನೆಲ, ಬರೀ ಗೋಡೆ, ದೂರದ ಮೈಕು: ಮೂರೂ ಸೇರಿದರೆ ಬಾವಿಯೇ. ತೆಗೆದಾದ ಮೇಲೆ ಪ್ರತಿಧ್ವನಿಯನ್ನು ಪೂರ್ತಿ ಹೊರತೆಗೆಯಲಾಗದು, ಹೆಚ್ಚು ಒತ್ತಾಯಿಸಿದರೆ ದನಿ ತಗಡಿನಂತಾಗುತ್ತದೆ. ಮುಂದಿನ ಸಲ ಫ್ರೇಮಿಗೆ ಕಾಣದ ನೆಲಕ್ಕೆಲ್ಲ ಜಮಖಾನ ಹಾಸಿ, ಕ್ಯಾಮೆರಾ ಹಿಂದಿನ ಗೋಡೆಗೆ ರಜಾಯಿ ತೂಗುಹಾಕಿ. ಬೂಮ್ ಮೈಕು ತಲೆಯಿಂದ ಮೊಳದೂರ, ಬಾಯಿಯ ಕಡೆಗೇ ಮುಖ ಮಾಡಿರಲಿ. ಕಾಲರ್ ಮೈಕಾದರೆ ಗದ್ದದಿಂದ ಒಂದು ಗೇಣು ಕೆಳಗೆ. ರೇಷ್ಮೆ, ಪಾಲಿಯೆಸ್ಟರ್ ಬಟ್ಟೆ ಸರಭರ ಎನ್ನುತ್ತದೆ, ಹತ್ತಿ ಉಡಿಸಿ. ರೆಕಾರ್ಡರ್‌ನಲ್ಲಿ ಗಟ್ಟಿ ಮಾತು ಮೈನಸ್ 12 ಡೆಸಿಬಲ್ ಸುತ್ತಮುತ್ತ ಇರಲಿ. ಸೊನ್ನೆ ಮುಟ್ಟಿ ಒಡೆದ ದನಿ ಸಾಮಾನ್ಯವಾಗಿ ಸರಿಯಾಗುವುದಿಲ್ಲ.

ಫ್ಯಾನ್ ಆರಿಸಿ, ಫ್ರಿಜ್ ಆರಿಸಿ. ಆರಿಸಿದ ಫ್ರಿಜ್ಜಿನೊಳಗೆ ನಿಮ್ಮ ಗಾಡಿ ಕೀ ಇಡಿ, ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಅಕ್ಕಪಕ್ಕದ ಮನೆಯ ಕುಕ್ಕರ್ ಎಷ್ಟು ಹೊತ್ತಿಗೆ ಕೂಗುತ್ತದೆ ಎಂದು ಹಿಂದಿನ ದಿನವೇ ಕೇಳಿಕೊಂಡು ಬನ್ನಿ. ಪ್ಯಾಕಪ್‌ಗೆ ಮುಂಚೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಅದೇ ಕೋಣೆಯ ಮೌನವನ್ನು 30 ಸೆಕೆಂಡು ರೆಕಾರ್ಡ್ ಮಾಡಿ. ಮಾತುಗಳ ನಡುವಿನ ಸಂದು ಮುಚ್ಚುವುದಕ್ಕೆ ಅದು ಬೇಕೇ ಬೇಕು. ಫೋನ್‌ನಲ್ಲಿ ಚಿತ್ರ, ಬೇರೆಯದರಲ್ಲಿ ಸದ್ದು ಹಿಡಿಯುತ್ತಿದ್ದರೆ ಪ್ರತಿ ಶಾಟ್‌ಗೂ ಕ್ಲಾಪ್ ಹೊಡೆಯಿರಿ. ಕೆಲವು ಫೋನ್‌ಗಳ ಫ್ರೇಮ್ ರೇಟ್ ಸ್ಥಿರವಾಗಿರುವುದಿಲ್ಲ, ಉದ್ದ ಶಾಟ್‌ಗಳಲ್ಲಿ ತುಟಿ ಮತ್ತು ಮಾತು ಮೆಲ್ಲಗೆ ಬೇರೆಯಾಗುತ್ತವೆ.

ಒಂಬತ್ತು ಪುಟದ ಸ್ಕ್ರಿಪ್ಟ್, ಮೂರು ಲೊಕೇಶನ್. ಶನಿವಾರ-ಭಾನುವಾರ ಎರಡೇ ದಿನ. ಆಗುತ್ತದೆಯೇ?
— ಐಟಿ ಉದ್ಯೋಗಿ, ಬೆಂಗಳೂರು

ಲೆಕ್ಕ ಹಾಕೋಣ. ಬೆಳಿಗ್ಗೆ ಆರರಿಂದ ಸಂಜೆ ಆರು, ಹನ್ನೆರಡು ಗಂಟೆ. ತಿಂಡಿ-ಊಟಕ್ಕೆ ಒಂದೂವರೆ, ಮೊದಲ ಶಾಟ್‌ಗೆ ಅಣಿಯಾಗಲು ಒಂದು, ಜಾಗ ಬದಲಿಸಲು ಒಂದೂವರೆ ಗಂಟೆ ತೆಗೆಯಿರಿ. ಉಳಿದದ್ದು ಎಂಟು ಗಂಟೆ. ಕ್ಯಾಮೆರಾ ಜಾಗ ಬದಲಾಯಿಸಿ, ಬೆಳಕು ಸರಿಮಾಡಿ, ಮೂರ್ನಾಲ್ಕು ಟೇಕ್ ಮುಗಿಸಲು ಸಣ್ಣ ತಂಡಕ್ಕೆ 25 ನಿಮಿಷ ಹಿಡಿಯುತ್ತದೆ. ಅಂದರೆ ದಿನಕ್ಕೆ 19, ಎರಡು ದಿನಕ್ಕೆ 38 ಸೆಟಪ್. ಪುಟಕ್ಕೆ ಆರು ಶಾಟ್‌ನಂತೆ ಒಂಬತ್ತು ಪುಟಕ್ಕೆ 54 ಬೇಕು. ಆಗುವುದಿಲ್ಲ.

ಒಂದೋ ಆರು ಪುಟಕ್ಕೆ ಇಳಿಸಿ, ಇಲ್ಲವೇ ಮೂರು ಲೊಕೇಶನ್ ಎರಡು ಮಾಡಿ, ಕೆಲವು ದೃಶ್ಯಗಳನ್ನು ಬ್ಲಾಕಿಂಗ್‌ನಲ್ಲೇ ಬಿಡಿಸಿ ಒಂದೆರಡು ಶಾಟ್‌ನಲ್ಲಿ ಮುಗಿಸಿ. ನಿದ್ದೆಗೆಟ್ಟು ಮುಗಿಸುತ್ತೇವೆ ಎನ್ನುವವರ ಭಾನುವಾರದ ಫೂಟೇಜ್ ನೋಡಿದರೆ ಸಾಕು, ಎಲ್ಲ ದೃಶ್ಯವೂ ಒಂದೇ ಮಾಸ್ಟರ್, ಅದೂ ಕತ್ತಲಾಗುತ್ತಾ. ಪ್ರತಿ ದೃಶ್ಯದಲ್ಲೂ ‘ಇದಿಲ್ಲದೆ ಕಥೆ ನಿಲ್ಲದು’ ಎನ್ನುವ ಎರಡು ಶಾಟ್‌ಗೆ ನಕ್ಷತ್ರ ಹಾಕಿ, ಅವನ್ನು ಮೊದಲು ತೆಗೆಯಿರಿ. ರಾತ್ರಿ ಮಲಗುವ ಮುಂಚೆ ಫೂಟೇಜ್ ಎರಡು ಬೇರೆ ಡ್ರೈವ್‌ಗೆ ಹೋಗಿರಬೇಕು, ಎರಡೂ ಒಂದೇ ಬ್ಯಾಗಿನಲ್ಲಿರಬಾರದು.

ಅಂದಹಾಗೆ ‘ಒಂದು ಪುಟ ಒಂದು ನಿಮಿಷ’ ಎಂಬ ಮಾತನ್ನು ಕೈಬರಹದ ಕನ್ನಡ ಸ್ಕ್ರಿಪ್ಟ್‌ಗೆ ಅನ್ವಯಿಸಬೇಡಿ. ಗಟ್ಟಿಯಾಗಿ ಓದಿ, ಮೌನಗಳನ್ನೂ ಸೇರಿಸಿ ಗಡಿಯಾರ ಹಿಡಿಯಿರಿ.

ಹಳೆಯ ಕನ್ನಡ ಕಥೆಯೊಂದನ್ನು ಕಿರುಚಿತ್ರ ಮಾಡಬೇಕು. ಲೇಖಕರು ಈಗಿಲ್ಲ. ಅನುಮತಿ ಬೇಕೇ?
— ಉಪನ್ಯಾಸಕರು, ಉಡುಪಿ

ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗಲೇ ಪ್ರಕಟವಾದ ಕಥೆಗಳಿಗೆ ಅನುಮತಿ ಬೇಡ. ಮಾಸ್ತಿಯವರು ತೀರಿದ್ದು 1986ರಲ್ಲಿ, ಹಾಗಾಗಿ 2046ರ ಕೊನೆಯವರೆಗೆ ಬೇಕು. ಹಕ್ಕುದಾರರಿಂದ ಬರವಣಿಗೆಯಲ್ಲಿ ಪಡೆಯಿರಿ. ಎಷ್ಟು ವರ್ಷ, ಯಾವ ಭಾಷೆ, ಉತ್ಸವಕ್ಕೆ ಮಾತ್ರವೋ ಆನ್‌ಲೈನ್‌ಗೂ ಸೇರಿಯೋ ಎಂದು ಸ್ಪಷ್ಟವಿರಲಿ. ‘ಕಥೆಯ ಸ್ಫೂರ್ತಿಯಿಂದ’ ಎಂದು ಟೈಟಲ್‌ನಲ್ಲಿ ಹಾಕಿಬಿಟ್ಟರೆ ಸಾಕೆಂಬುದು ತಪ್ಪು ನಂಬಿಕೆ.

ಇನ್‌ಸ್ಟಿಟ್ಯೂಟ್ ಸೇರಲೋ, ಗಾಂಧಿನಗರದಲ್ಲಿ ಅಸಿಸ್ಟೆಂಟ್ ಆಗಲೋ?
— ಬಿ.ಎ. ಮುಗಿಸಿದವರು, ಕಲಬುರಗಿ

ಎರಡೂ ಕಡೆ ಕಲಿಯುವುದು ಬೇರೆ ಬೇರೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ) 1960ರಲ್ಲಿ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ 1995ರಲ್ಲಿ ಶುರುವಾದವು; ಎರಡೂ ಕೇಂದ್ರ ಸರ್ಕಾರದವು. ನಿರ್ದೇಶನ-ಚಿತ್ರಕಥೆಯ ಮೂರು ವರ್ಷದ ಕೋರ್ಸಿಗೆ ಯಾವ ಪದವಿಯಾದರೂ ನಡೆಯುತ್ತದೆ, ಪ್ರವೇಶ ಪರೀಕ್ಷೆ ಇದೆ, ಸೀಟು ಬಹಳ ಕಡಿಮೆ. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಕಲಿತವರು. ಅಲ್ಲಿ ತಪ್ಪು ಮಾಡುವುದಕ್ಕೆ ಅವಕಾಶವಿದೆ. ನಿಮ್ಮದೇ ಸಿನಿಮಾ ತೆಗೆದು, ಕೆಡಿಸಿ, ಎಡಿಟಿಂಗ್ ಟೇಬಲ್ ಮುಂದೆ ಕೂತು ಏಕೆ ಕೆಟ್ಟಿತೆಂದು ನೋಡಬಹುದು.

ಅಸಿಸ್ಟೆಂಟ್ ಆದರೆ ಶುರುವಿಗೆ ಕ್ಲಾಪ್ ಬೋರ್ಡು, ಕಂಟಿನ್ಯುಟಿ ಪುಸ್ತಕ, ಕಲಾವಿದರಿಗೆ ಡೈಲಾಗ್ ಹೇಳಿಕೊಡುವುದು. ನೂರು ಜನರ ಯೂನಿಟ್ ಹೇಗೆ ಓಡುತ್ತದೆ, ಮಳೆ ಬಂದರೆ ಯಾವ ದೃಶ್ಯ ಎತ್ತಿಕೊಳ್ಳಬೇಕು, ಕಾಲ್‌ಶೀಟ್ ಮುಗಿಯುವ ನಟನಿಂದ ಯಾವ ಶಾಟ್ ಮೊದಲು ತೆಗೆದುಕೊಳ್ಳಬೇಕು, ಇವನ್ನು ಯಾವ ಶಾಲೆಯೂ ಅಷ್ಟು ಚೆನ್ನಾಗಿ ಕಲಿಸದು. ಆದರೆ ಇನ್ನೊಬ್ಬರ ತೀರ್ಮಾನ ಬರೆದುಕೊಳ್ಳುವುದರಲ್ಲೇ ವರ್ಷಗಳು ಹೋಗುತ್ತವೆ. ಸೇರುವುದಾದರೆ ಒಂದು ಷರತ್ತು ನಿಮಗೆ ನೀವೇ ಹಾಕಿಕೊಳ್ಳಿ: ಪ್ರತಿ ದೃಶ್ಯಕ್ಕೂ ನಿಮ್ಮ ಶಾಟ್ ಡಿವಿಷನ್ ಹಿಂದಿನ ರಾತ್ರಿಯೇ ಬರೆದಿಟ್ಟು, ಮರುದಿನ ನಿರ್ದೇಶಕರು ಮಾಡಿದ್ದರ ಜೊತೆ ಹೋಲಿಸಿ. ಸೇರುವ ಮುಂಚೆ ಸಂಬಳವೆಷ್ಟು, ಬಾಟಾ (ದಿನದ ಭತ್ಯೆ) ಎಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೊದಲ ಕಿರುಚಿತ್ರ ಎಷ್ಟು ನಿಮಿಷ ಇರಬೇಕು?
— ಓದುಗರು, ಹಾಸನ

ಆಸ್ಕರ್‌ನವರು ಕಿರುಚಿತ್ರಕ್ಕೆ ಟೈಟಲ್ ಸೇರಿ 40 ನಿಮಿಷದ ಮಿತಿ ಇಟ್ಟಿದ್ದಾರೆ. ನೀವು ಐದು ಇಟ್ಟುಕೊಳ್ಳಿ, ಟೈಟಲ್ ಕಾರ್ಡುಗಳು ಅದರಲ್ಲಿ 20 ಸೆಕೆಂಡು ಮೀರದಿರಲಿ.